ಹಾಳೆಯ ಬೆನ್ನಿಗೆ ಬರೆದ ಹೆಸರು

ಮೂವತ್ತು ವರ್ಷಕ್ಕೂ ಮಿಕ್ಕಿ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಈ ಮೂರು ಊರುಗಳ ನಡುವೆ ಬಸ್ಸಿನಲ್ಲಿ ಓಡಾಡುತ್ತ ದಿನಪತ್ರಿಕೆಯೊಂದಕ್ಕೆ ವರದಿ ಮಾಡಿದವನು ನಾನು. ಈಗ ನಿವೃತ್ತ. ಈ ಕೆಲಸಕ್ಕೆ ಹೊಸದಾಗಿ ಬರುತ್ತಿರುವವರು ಸಿಕ್ಕಾಗಲೆಲ್ಲ ‘ನಿಮ್ಮ ಅನುಭವ ಬರೀರಿ ಸರ್’ ಎನ್ನುತ್ತಾರೆ. ಬರೆಯಲು ಕುಳಿತ ಮೊದಲ ವಾರವೇ ಒಂದು ತೊಡಕು ಕಾಣಿಸಿತು. ನನ್ನ ನೆನಪು ಹೇಳುವ ಕಥೆಗಳಲ್ಲೆಲ್ಲ ನಾನು ಸರಿಯಾಗಿಯೇ ನಡೆದುಕೊಂಡಿರುತ್ತೇನೆ. ಬೇರೆ ಯಾರಾದರೂ ನನ್ನೆದುರು ಕುಳಿತು ಹೀಗೆ ಹೇಳಿದ್ದರೆ ನಾನು ಆ ಮಾತನ್ನು ಅಚ್ಚಿಗೆ ಕಳಿಸುತ್ತಿರಲಿಲ್ಲ.

ಪುಣ್ಯಕ್ಕೆ ಟಿಪ್ಪಣಿ ಪುಸ್ತಕಗಳನ್ನು ಎಸೆದಿರಲಿಲ್ಲ. ಅಟ್ಟದ ಮೇಲಿನ ಟ್ರಂಕಿನಲ್ಲಿ ಇದ್ದವು. ‘ರದ್ದಿಗೆ ಹಾಕ್ರಿ, ಇಲ್ಲಾಂದ್ರ ಓದ್ರಿ, ಎರಡೂ ಮಾಡಲಾರದ ಯಾಕ ಇಟ್ಕೊಂಡೀರಿ’ ಎಂದು ನನ್ನ ಹೆಂಡತಿ ಪ್ರತಿ ದೀಪಾವಳಿಗೆ ಕೇಳುತ್ತಿದ್ದಳು. ಈ ಸಲ ಓದಿದೆ. ಆದ್ದರಿಂದ ಮುಂದೆ ಬರೆಯುವುದರಲ್ಲಿ ಯಾವುದು ನೆನಪು, ಯಾವುದು ಟಿಪ್ಪಣಿ, ಯಾವುದು ಬೇರೆಯವರು ಹೇಳಿದ್ದು ಎಂಬುದನ್ನು ಬೇರೆ ಬೇರೆಯಾಗಿಯೇ ಇಡುತ್ತೇನೆ. ಬಡ್ತಿ, ಸನ್ಮಾನಗಳ ಸುದ್ದಿ ಇದರಲ್ಲಿ ಇಲ್ಲ.

ಧಾರವಾಡದಲ್ಲಿ ರಾಜ್ಯಶಾಸ್ತ್ರ ಎಂ.ಎ. ಮುಗಿಸಿ ಹುಬ್ಬಳ್ಳಿಯ ನಮ್ಮ ಮುಖ್ಯ ಕಚೇರಿಗೆ ಸಂದರ್ಶನಕ್ಕೆ ಹೋಗಿದ್ದೆ. ಎದುರಿಗಿದ್ದವರು ಸುದ್ದಿ ಸಂಪಾದಕರಾದ ದೇಸಾಯರು. ದಪ್ಪ ಕನ್ನಡಕ, ಸಣ್ಣ ದನಿ. ನನ್ನ ಅಂಕಪಟ್ಟಿಯನ್ನು ಬೆರಳ ತುದಿಯಲ್ಲಿ ಹಿಡಿದು ನೋಡಿದರು.

‘ರಾಜ್ಯಶಾಸ್ತ್ರ ಅಂದ್ರ ಸಂವಿಧಾನ ಓದೀರಿ. ಪತ್ರಿಕಾ ಸ್ವಾತಂತ್ರ್ಯ ಎಷ್ಟನೇ ಕಲಮಿನಾಗ ಐತಿ?’

‘ಆ ಹೆಸರಿನ ಕಲಮು ಇಲ್ರಿ ಸರ್. ಹತ್ತೊಂಬತ್ತು ಒಂದು ಎ. ಎಲ್ಲಾ ನಾಗರಿಕರಿಗೂ ಕೊಟ್ಟಿರೋ ಮಾತಿನ ಸ್ವಾತಂತ್ರ್ಯ. ಪತ್ರಿಕೆದು ಅದರಾಗ ಬರತೈತಿ, ಬ್ಯಾರೆ ಇಲ್ಲ.’

‘ಬರೋಬರಿ. ಬ್ಯಾಡಗಿಯಿಂದ ಹುಬ್ಬಳ್ಳಿಗೆ ಸಂಜೀ ಕಡೀ ಬಸ್ ಎಷ್ಟಕ್ಕೈತಿ?’

ಗೊತ್ತಿರಲಿಲ್ಲ.

‘ಅದನ್ನ ಮದ್ಲ ತಿಳಕೋರಿ. ಬಸ್ ತಪ್ಪಿತಂದ್ರ ನಿಮ್ಮ ಹತ್ತೊಂಬತ್ತು ಒಂದು ಎ ಬ್ಯಾಡಗಿ ಸ್ಟ್ಯಾಂಡಿನಾಗ ಕುಂತಿರತೈತಿ.’

ಅವರು ಹೇಳಿದ್ದು ಸುದ್ದಿ ಕವರಿನ ವಿಚಾರ. ಆಗ ಫ್ಯಾಕ್ಸ್ ಕೂಡ ನಮ್ಮ ಕೈಗೆ ಬಂದಿರಲಿಲ್ಲ. ದಿನದ ವರದಿಗಳನ್ನು ಕೈಯಲ್ಲಿ ಬರೆದು, ಕವರಿಗೆ ಹಾಕಿ, ಮೇಲೆ ಕೆಂಪು ಶಾಯಿಯಲ್ಲಿ ‘ತುರ್ತು ಸುದ್ದಿ’ ಎಂದು ಬರೆದು ಹುಬ್ಬಳ್ಳಿ ಬಸ್ಸಿನ ಕಂಡಕ್ಟರರ ಕೈಗೆ ಕೊಡುತ್ತಿದ್ದೆವು. ಹುಬ್ಬಳ್ಳಿ ನಿಲ್ದಾಣದಲ್ಲಿ ಕಚೇರಿಯ ಆಳು ಬಂದು ಇಸಿದುಕೊಳ್ಳುತ್ತಿದ್ದ. ಒಮ್ಮೆ ಹಾವೇರಿಯ ನಗರಸಭೆಯ ಗಲಾಟೆಯ ವರದಿ ಕಂಡಕ್ಟರರ ಚೀಲದಲ್ಲೇ ಉಳಿದು ಬೆಳಗಾವಿ ನೋಡಿಕೊಂಡು ಮೂರು ದಿನ ಬಿಟ್ಟು ಬಂತು. ಅಷ್ಟರಲ್ಲಿ ಗಲಾಟೆ ಮಾಡಿದ ಇಬ್ಬರೂ ರಾಜಿಯಾಗಿ ಒಂದೇ ವೇದಿಕೆಯಲ್ಲಿ ಹಾರ ಹಾಕಿಸಿಕೊಂಡಿದ್ದರು.

ನನ್ನ ಮೊದಲ ದೊಡ್ಡ ತಪ್ಪು ರಾಣೆಬೆನ್ನೂರಿನಲ್ಲಿ ಆಯಿತು. ಐರಣಿಯ ನಿವೃತ್ತ ಮಾಸ್ತರರೊಬ್ಬರು ತೀರಿಕೊಂಡರೆಂದು ಬಸ್ ನಿಲ್ದಾಣದಲ್ಲಿ ಯಾರೋ ಹೇಳಿದರು. ಕವರು ಹೊರಡುವ ಹೊತ್ತು. ಅಲ್ಲೇ ನಿಂತು ನಾಲ್ಕು ಸಾಲು ನಿಧನವಾರ್ತೆ ಬರೆದು ಹಾಕಿದೆ. ಅದು ಅಚ್ಚಾದ ಮರುದಿನ ಮಾಸ್ತರರೇ ರಾಣೆಬೆನ್ನೂರಿನ ನಮ್ಮ ಕಚೇರಿಗೆ ಬಂದರು. ಕೈಯಲ್ಲಿ ನೀಟಾಗಿ ಮಡಚಿದ ಪತ್ರಿಕೆ.

‘ಇದನ್ನ ಬರದಾವರು ಯಾರ್ರಿ?’

‘ನಾನ ರಿ.’

‘ಭಾಳ ಚಂದ ಬರದೀರಿ. ನನ್ನ ಬಗ್ಗೆ ಇಷ್ಟು ಚಲೋ ಮಾತು ಮನ್ಯಾಗೂ ಯಾರೂ ಆಡಿದ್ದಿಲ್ಲ. ಆದ್ರ ದಾವಣಗೆರಿ ಬೀಗರು ಗಾಡಿ ಮಾಡ್ಕೊಂಡು ಅಳಕೋತ ಬಂದು ಪಡಸಾಲ್ಯಾಗ ಕುಂತಾರ. ಅವರಿಗೇನ ಹೇಳ್ಲಿ?’

‘ನಾಳೆ ತಿದ್ದುಪಡಿ ಹಾಕ್ತೇವ್ರಿ ಸರ್.’

‘ಹಾಕ್ರಿ. ಆ ಶಿಸ್ತಿನ ಶಿಕ್ಷಕ ಅನ್ನೂದನ್ನ ಮಾತ್ರ ತಿದ್ದಬ್ಯಾಡ್ರಿ.’

ಮಾಸ್ತರರು ನಕ್ಕು ಹೋದರು. ಹುಬ್ಬಳ್ಳಿಗೆ ಸುದ್ದಿ ಮುಟ್ಟಿದಾಗ ದೇಸಾಯರು ನಗಲಿಲ್ಲ. ‘ಯಾರ್ ಹೇಳಿದ್ರು ನಿಮಗ?’ ಎಂದು ಕೇಳಿದರು. ಹೆಸರು ಗೊತ್ತಿರಲಿಲ್ಲ. ಟಿಪ್ಪಣಿ ಪುಸ್ತಕದಲ್ಲಿ ಆ ದಿನದ ಪುಟದಲ್ಲಿ ಇಂದಿಗೂ ಆ ಜಾಗ ಖಾಲಿ. ಅಂದಿನಿಂದ ಅವರು ನನಗೆ ಒಂದು ನಿಯಮ ಹಾಕಿದರು. ‘ಪ್ರತಿ ವರದಿಯ ಕಡೀ ಹಾಳಿ ಬೆನ್ನಿಗೆ ಬರೀರಿ. ಯಾರ್ ಹೇಳಿದ್ರು, ಎಲ್ಲಿಯವರು. ಅಚ್ಚಿಗಲ್ಲ, ನನಗ.’

ಒಳ್ಳೆಯ ನಿಯಮ. ಅವರು ಸಂಶಯ ಬಂದಲ್ಲಿ ಆ ಹೆಸರು ನೋಡಿ ವಿಚಾರಿಸುತ್ತಿದ್ದರು. ಅಚ್ಚಾದ ಮೇಲೆ ಮೂಲ ಹಾಳೆಗಳನ್ನು ಮೇಜಿನ ಮೇಲಿನ ಕಬ್ಬಿಣದ ಸೂಜಿಗೆ ಚುಚ್ಚಿ ಕೆಲವು ತಿಂಗಳು ಇಟ್ಟಿರುತ್ತಿದ್ದರು. ನನಗೂ ರೂಢಿಯಾಯಿತು. ವರದಿ ಮುಗಿದ ಕೂಡಲೇ ಕೈ ತಾನಾಗಿ ಹಾಳೆ ತಿರುಗಿಸುತ್ತಿತ್ತು. ಆಮೇಲಿನ ಕೆಲವು ವರ್ಷ ನಾನು ಬದುಕಿದ್ದವರನ್ನು ಸಾಯಿಸಲಿಲ್ಲ.

ಈಗ ಬ್ಯಾಡಗಿಯ ವಿಷಯ. ಇದನ್ನು ಬರೆಯದೆ ಉಳಿದದ್ದೆಲ್ಲ ಬರೆದರೆ ಪ್ರಯೋಜನವಿಲ್ಲ.

ಹಾವೇರಿ ಹೊಸ ಜಿಲ್ಲೆಯಾದ ಆಸುಪಾಸಿನ ಕಾಲ. ಮೆಣಸಿನಕಾಯಿ ಸುಗ್ಗಿ. ಸಂಜೆ ಬಸ್ಸಿಗೆ ಕವರು ಕೊಡಲು ಕಾಯುತ್ತ ನಿಲ್ದಾಣದ ಪಕ್ಕದ ಚಹಾದಂಗಡಿಯಲ್ಲಿ ಕುಳಿತಿದ್ದೆ. ಅಲ್ಲಿಗೆ ಒಬ್ಬ ಹೆಂಗಸು ಬಂದಳು. ಮೂಗಿಗೆ ಕಟ್ಟಿದ್ದ ಬಟ್ಟೆಯನ್ನು ಕೊರಳಿಗೆ ಇಳಿಸಿಕೊಂಡಿದ್ದಳು. ಅವಳನ್ನು ಇಲ್ಲಿ ಫಕ್ಕೀರವ್ವ ಎಂದು ಕರೆಯುತ್ತೇನೆ. ಗೋದಾಮಿನಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸದವಳು. ನನ್ನ ಕವರಿನ ಕೆಂಪಕ್ಷರವನ್ನು ಸ್ವಲ್ಪ ಹೊತ್ತು ನೋಡಿದಳು.

‘ನೀವು ಪೇಪರಿನ್ಯಾರಲ್ರಿ?’

‘ಹೌದವ್ವ.’

‘ಇವತ್ತು ಕಾಯಿ ರೇಟ್ ಏನು, ನಿನ್ನಿ ಏನಿತ್ತು, ದಿನಾ ಬರೀತೀರಿ. ಕಾಯಿ ಬಿಡಸಾವರು ಬದುಕ್ಯಾರೋ ಸತ್ತಾರೋ ಒಂದಿನಾರ ಬರದೀರೇನು?’

ಐರಣಿ ಮಾಸ್ತರರ ಕಥೆ ಅವಳಿಗೆ ಗೊತ್ತಿರಲು ಸಾಧ್ಯವಿರಲಿಲ್ಲ. ಆದರೂ ನನಗೆ ಮುಟ್ಟಿತು. ಏನಾಯಿತೆಂದು ಕೇಳಿದೆ.

ಅವಳ ಗೋದಾಮಿನಲ್ಲಿ ಬೆಳಗ್ಗೆ ಹೆಂಗಸರು ಒಳಗೆ ಹೋದ ಮೇಲೆ ಊಟದ ಹೊತ್ತಿನವರೆಗೆ ಹೊರಗಿನಿಂದ ಚಿಲಕ ಹಾಕುತ್ತಿದ್ದರು. ಯಾರೂ ಸೆರಗಿನಲ್ಲಿ ಕಾಯಿ ಕಟ್ಟಿಕೊಂಡು ಹೊರಗೆ ದಾಟಿಸಬಾರದೆಂದು. ಹಿಂದಿನ ವಾರ ಒಬ್ಬಳು ಘಾಟಿಗೆ ಉಸಿರುಕಟ್ಟಿ ಬಿದ್ದಳು. ಒಳಗಿನವರೆಲ್ಲ ಕದ ಬಡಿದರು. ಚಿಲಕ ತೆಗೆಯಬೇಕಾದವನು ಚಹಾ ಕುಡಿಯಲು ಹೋಗಿದ್ದ.

‘ಹತ್ತು ಮಿನಿಟ್ ಆಗಿತ್ತಂತ ಅವರು ಅಂತಾರ. ಒಳಗಿದ್ದಾವರಿಗೆ ಕೇಳ್ರಿ, ಎಷ್ಟಾಗಿತ್ತು ಅಂತ. ಆಕಿ ಉಳದಾಳ, ಅದಕ್ಕ ಯಾರಿಗೂ ಏನೂ ಆಗಿಲ್ಲ ಅನ್ನೂಹಂಗ ಅದಾರ.’

ಆಮೇಲೆ ಅವಳು ಕಪ್ಪು ಕೆಳಗಿಟ್ಟು ಹೇಳಿದ್ದು, ಟಿಪ್ಪಣಿಯಲ್ಲಿಯೂ ಇದೆ, ನನ್ನ ಕಿವಿಯಲ್ಲಿಯೂ ಇದೆ: ‘ನನ್ನ ಹೆಸರು ಹಾಕಬ್ಯಾಡ್ರಿ. ಈ ಬಜಾರದಾಗ ಒಂದು ಅಂಗಡ್ಯಾವರು ಬ್ಯಾಡ ಅಂದ್ರ ಎಲ್ಲಾರೂ ಬ್ಯಾಡ ಅಂತಾರ. ನನಗ ಬ್ಯಾರೆ ಕೆಲಸ ಇಲ್ಲ. ಮಗಳು ಸಾಲಿಗೆ ಹೊಂಟಾಳ.’

‘ಹಾಕಂಗಿಲ್ಲವ್ವ. ಮಾತು ಕೊಟ್ಟೇನಿ.’

ಎರಡು ದಿನ ವಿಚಾರಿಸಿದೆ. ಹೊರಗಿನ ಚಿಲಕವನ್ನು ಕಣ್ಣಾರೆ ಕಂಡೆ. ಬೇರೆ ಇಬ್ಬರು ಹೆಂಗಸರನ್ನು ಮಾತಾಡಿಸಿದೆ. ಅಂಗಡಿಯ ಗುಮಾಸ್ತನನ್ನು ಕೇಳಿದರೆ, ‘ಗಾಳಿಗೆ ಕದಾ ಬಡೀತೈತ್ರಿ, ಅದಕ್ಕ ಹಾಕ್ತೇವಿ’ ಎಂದ. ಅದನ್ನೂ ಬರೆದೆ. ಯಾವ ಹೆಂಗಸಿನ ಹೆಸರೂ ಇಲ್ಲದೆ ವರದಿ ಮುಗಿಸಿದೆ. ಬಸ್ಸು ಹಾರ್ನ್ ಹೊಡೆಯಿತು. ನನ್ನ ಕೈ ಹಾಳೆ ತಿರುಗಿಸಿ, ರೂಢಿಯಂತೆ, ಅವಳ ಹೆಸರು ಮತ್ತು ಓಣಿಯನ್ನು ಬರೆದು, ಕವರು ಅಂಟಿಸಿ ಕಂಡಕ್ಟರರಿಗೆ ಕೊಟ್ಟಿತು. ಆ ಕ್ಷಣದಲ್ಲಿ ಮಾತು ಮುರಿದೆನೆಂದು ನನಗೆ ಅನಿಸಲೇ ಇಲ್ಲ. ಅಚ್ಚಿನಲ್ಲಿ ಹೆಸರು ಬರುವುದಿಲ್ಲವಲ್ಲ.

ವರದಿ ಒಳಪುಟದಲ್ಲಿ ಬಂತು. ಮೂರನೆಯ ದಿನ ಹುಬ್ಬಳ್ಳಿಯಿಂದ ಕರೆ. ಗೋದಾಮಿನ ಸಾವ್ಕಾರರು ವಕೀಲರೊಡನೆ ದೇಸಾಯರ ಕೋಣೆಯಲ್ಲಿ ಕುಳಿತಿದ್ದರು.

ಆ ಕೋಣೆಯಲ್ಲಿ ನಡೆದದ್ದನ್ನು ನಾನು ಇಪ್ಪತ್ತು ವರ್ಷ ಕಾಲೇಜುಗಳಲ್ಲಿ, ಪತ್ರಿಕಾ ದಿನಾಚರಣೆಗಳಲ್ಲಿ ಹೇಳುತ್ತ ಬಂದಿದ್ದೇನೆ. ನಾನು ಹೇಳುತ್ತಿದ್ದದ್ದು ಇದು. ಸಾವ್ಕಾರರು, ‘ಹೇಳಿದಾಕಿ ಹೆಸರು ಹೇಳ್ರಿ, ಮಾನನಷ್ಟದ ಕೇಸು ಬಿಡ್ತೇನಿ’ ಎಂದರು. ನಾನು ಎದ್ದು ನಿಂತು ಸಂವಿಧಾನದ ಹತ್ತೊಂಬತ್ತನೇ ವಿಧಿಯ ಮಾತು ಆಡಿದೆ, ಹೆಸರು ಹೇಳುವುದಿಲ್ಲ ಎಂದೆ. ಆದರೆ ದೇಸಾಯರು ಹೆದರಿ ಸೂಜಿಯಿಂದ ಮೂಲ ಹಾಳೆ ಕಿತ್ತು ಮುಂದಿಟ್ಟರು. ವಕೀಲರು ಅದನ್ನು ತಿರುಗಿಸಿ ಓದಿದರು. ಮೇಲಿನವರ ಅಂಜಿಕೆ ಕೆಳಗಿನವನ ಮಾತನ್ನು ಮುರಿಯಿತು. ಆದರೂ ವರದಿ ಬಂದ ಮರುದಿನವೇ ಗೋದಾಮಿನ ಕದ ತೆರೆಯಿತು. ಇಲ್ಲಿಗೆ ಬಂದಾಗ ಸಭೆಯಲ್ಲಿ ಚಪ್ಪಾಳೆ ಬೀಳುತ್ತಿತ್ತು.

ದೇಸಾಯರು ತೀರಿಕೊಂಡು ಬಹಳ ವರ್ಷವಾಯಿತು. ಅಲ್ಲಗಳೆಯಲು ಅವರು ಯಾವ ಸಭೆಗೂ ಬರುವಂತಿರಲಿಲ್ಲ.

ಈ ವರ್ಷ ಟ್ರಂಕಿನಿಂದ ತೆಗೆದ ಪುಸ್ತಕದಲ್ಲಿ ಆ ದಿನದ ಬಗ್ಗೆ ಇರುವುದು ಇಷ್ಟು, ನನ್ನದೇ ಅಕ್ಷರದಲ್ಲಿ: ‘ಹುಬ್ಬಳ್ಳಿ. ವಕೀಲರು: ಡೆಸ್ಕಿನವರು ವರದಿ ತಿರುಚಿದ್ದಾರೆ. ನಾನು: ಮೂಲ ಹಾಳೆ ತೆಗೆಸಿ ನೋಡಿ, ಒಂದಕ್ಷರ ವ್ಯತ್ಯಾಸವಿಲ್ಲ. ದೇ. ಬೇಡವೆಂದು ಕಣ್ಣಲ್ಲಿ ಹೇಳಿದರು. ಹಟ ಮಾಡಿದೆ. ಬೆನ್ನು ಮರೆತೆ.’

ಇದಿಷ್ಟೇ. ಸಂವಿಧಾನದ ಮಾತು ಇಲ್ಲ. ಆಡಿದ್ದೆನೋ ಇಲ್ಲವೋ ಈಗ ಹೇಳಲಾರೆ. ಆದರೆ ಹಾಳೆ ತೆಗೆಸಿದವನು ನಾನು. ನನ್ನ ಬರವಣಿಗೆ ಶುದ್ಧವಾಗಿದೆ ಎಂದು ತೋರಿಸುವ ಆತುರದಲ್ಲಿ ಅವಳ ಹೆಸರನ್ನು ಮೇಜಿನ ಮೇಲೆ ಇಟ್ಟವನು ನಾನು. ತಡೆಯಲು ನೋಡಿದವರನ್ನು ಇಪ್ಪತ್ತು ವರ್ಷ ಹೇಡಿ ಮಾಡಿದೆ. ದೇಸಾಯರ ಮನೆಯವರಿಗೆ ಈ ವಿಷಯ ಬರೆದು ಪತ್ರ ಹಾಕಿದ್ದೇನೆ. ಇಲ್ಲಿಯೂ ಬರೆಯುತ್ತಿದ್ದೇನೆ.

ಪುಸ್ತಕದ ಮುಂದಿನ ಪುಟಗಳನ್ನೂ ನೋಡಿದೆ. ಅದರ ನಂತರ ಎರಡು ಸುಗ್ಗಿಗಳಲ್ಲಿ ಬ್ಯಾಡಗಿಯ ಹೆಸರಿನ ಕೆಳಗೆ ಕಾಯಿಯ ರೇಟು ಬಿಟ್ಟರೆ ಬೇರೇನೂ ಇಲ್ಲ. ಕದ ತೆರೆಯಿತೆಂದು ನಾನು ಎಲ್ಲಿ ನೋಡಿ ಹೇಳಿದೆ? ಎಲ್ಲಿಯೂ ಇಲ್ಲ.

ಹೀಗೆ ಆದ ಮೇಲೆ ಅವಳನ್ನು ಹುಡುಕದೆ ಬರೆಯಲಾಗುತ್ತಿರಲಿಲ್ಲ. ಬ್ಯಾಡಗಿಯ ಆ ಹಳೆಯ ಓಣಿಯಲ್ಲಿ ಕೇಳಿದೆ. ‘ಆಕಿ ಊರು ಬಿಟ್ಟು ಭಾಳ ದಿನ ಆತಲ್ರಿ, ಮೇಡ್ಲೇರಿ ಕಡೆ ಬೀಜದ ಪ್ಲಾಟಿಗೆ ಕ್ರಾಸಿಂಗ್ ಮಾಡಾಕ ಹೋಗ್ಯಾಳ’ ಎಂದರು. ಬೀಜ ತಯಾರಿಸುವ ಹೊಲಗಳಲ್ಲಿ ಗಂಡು ಹೂವಿನ ಪುಡಿಯನ್ನು ಹೆಣ್ಣು ಹೂವಿಗೆ ಕೈಯಿಂದ ಮುಟ್ಟಿಸುವ ಕೆಲಸ ಅದು. ರಾಣೆಬೆನ್ನೂರಿನಿಂದ ಬಸ್ಸು ಹತ್ತಿದೆ.

ಮನೆ ಸಿಕ್ಕಿತು. ಕಟ್ಟೆಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದ ಮುದುಕಿ ಕಣ್ಣಿಗೆ ಕೈ ಅಡ್ಡ ಹಿಡಿದು ನನ್ನನ್ನು ನೋಡಿದಳು.

‘ಯಾರು? ಓ, ರೇಟಿನ ಸಾಹೇಬ್ರು. ಬರ್ರಿ. ಕೂದಲಾ ಎಲ್ಲಿ ಬಿಟ್ಟು ಬಂದ್ರಿ?’

ಕುಳಿತು, ನೀರು ಕುಡಿದು, ಬಂದ ಕಾರಣ ಹೇಳಿದೆ. ಹಾಳೆ, ಬೆನ್ನು, ವಕೀಲ, ನನ್ನ ಹಟ. ಅವಳು ಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ.

‘ಗೊತ್ತೈತಿ. ಸಾವ್ಕಾರ ಆವತ್ತ ಹೇಳಿದ, ನಿನ್ನ ಹೆಸರು ಪೇಪರಿನ್ಯಾವನ ಕೈಬರದಾಗ ಓದಿ ಬಂದೇನಿ ಅಂತ.’

‘ನೀವೇನಂದ್ರಿ?’

‘ನಾ ಹೇಳಿದ್ದು ಖರೇ ಐತೋ ಇಲ್ಲೋ, ಅದನ್ನ ಹೇಳ್ರಿ ಅಂದೆ. ನಾಳಿಂದ ಬರಬ್ಯಾಡ ಅಂದ. ಬಾಜೂ ಅಂಗಡ್ಯಾವರೂ ಬ್ಯಾಡ ಅಂದ್ರು. ನಾ ನಿಮಗ ಮದ್ಲ ಹೇಳಿದ್ದೆ, ಹಿಂಗ ಆಗತೈತಿ ಅಂತ. ಮಗಳ ಸಾಲಿ ಬಿಡಿಸಿ ಇಲ್ಲಿಗೆ ಕರಕೊಂಡು ಬಂದೆ.’

‘ತಪ್ಪಾತವ್ವ.’

‘ಆತು. ಹೂವಿನ ಕೆಲಸ ಚಲೋ ಇತ್ತು, ಘಾಟಿಲ್ಲ. ಮಗಳ ಸಾಲಿ ಹೋದದ್ದು ಹೋತು.’ ಅವಳು ಸಿಪ್ಪೆಯನ್ನು ಒಂದು ಬದಿಗೆ ದೂಡಿದಳು. ‘ಹೆಸರಿನ ಸಿಟ್ಟು ಒಂದೆರಡು ವರ್ಷ ಇತ್ತು, ಇಳೀತು. ನೀವು ತಿರುಗಿ ಆ ಕದದ ಮುಂದ ಬರಲೇ ಇಲ್ಲಲ್ಲ, ಆ ಸಿಟ್ಟು ಇನ್ನೂ ಐತಿ.’

‘ಮುಖ ತೋರಸಾಕ ನಾಚಿಕಿ ಆತು.’

‘ನಿಮ್ಮ ನಾಚಿಕಿ ತಗೊಂಡು ಒಳಗಿದ್ದಾವರು ಏನ ಮಾಡಬೇಕು? ಎಂಟು ದಿನ ಕದಾ ತಗದಿಟ್ಟಿದ್ರಂತ. ಪೇಪರಿನ್ಯಾವ ಇತ್ಲಾಗ ಹಾಯಂಗಿಲ್ಲ ಅಂತ ಗೊತ್ತಾತು. ಮತ್ತ ಚಿಲಕ.’

ಹೆಸರು ಹೊರಬಿದ್ದದ್ದಕ್ಕೆ ಅವಳೊಬ್ಬಳ ಕೆಲಸ ಹೋಯಿತು, ಅದು ನನ್ನ ಮರೆವು. ಆಮೇಲೆ ಬರೆಯದೆ ಬಿಟ್ಟದ್ದಕ್ಕೆ ಉಳಿದವರೆಲ್ಲ ಚಿಲಕದ ಹಿಂದೆ ಉಳಿದರು. ಅದು ಮರೆವಲ್ಲ. ನೊಂದಿದ್ದೇನೆ ಎಂಬ ನೆಪದಲ್ಲಿ ನಾನು ಮಾಡಿಕೊಂಡ ಆರಾಮ. ನನ್ನನ್ನು ಯಾವ ಸಾವ್ಕಾರನೂ ತಡೆದಿರಲಿಲ್ಲ, ಯಾವ ಕೋರ್ಟೂ ಬಾಯಿ ಕಟ್ಟಿರಲಿಲ್ಲ. ನೋಟಿಸು ಕೂಡ ಬರಲಿಲ್ಲ. ಅವರಿಗೆ ಬೇಕಾದದ್ದು ಸಿಕ್ಕಿತ್ತು.

‘ಇದನ್ನೆಲ್ಲ ಬರೀಬೇಕಂತ ಮಾಡೇನಿ’ ಎಂದೆ. ‘ಈಗ ನಿಮ್ಮ ಖರೇ ಹೆಸರು ಹಾಕ್ಲೇನು? ತಪ್ಪು ನಂದು ಅಂತ ನಿಮ್ಮ ಹೆಸರು ಹೇಳೇ ಬರೀತೇನಿ.’

‘ಹಾಕ್ರಿ. ನನಗಿನ್ನ ಯಾರ ಅಂಜಿಕಿ?’

ಆಗ ಒಳಗಿನಿಂದ ಅವಳ ಮೊಮ್ಮಗಳು ಬಾಗಿಲಿಗೆ ಬಂದಳು. ಇಪ್ಪತ್ತೆರಡು, ಇಪ್ಪತ್ತಮೂರರ ಹೆಣ್ಣುಮಗಳು. ಲಗ್ನವಾಗಿ ಬ್ಯಾಡಗಿಯಲ್ಲಿದ್ದಾಳೆ, ಅಮಾವಾಸ್ಯೆಯ ರಜೆಗೆ ಬಂದಿದ್ದಳು.

‘ಆಯಿ, ಬ್ಯಾಡ.’

‘ಯಾಕ?’

‘ಯಾಕ ಅಂದ್ರ ನಾ ಎಲ್ಲಿ ದುಡೀತೇನಿ ಮರತೇನು?’ ಆಮೇಲೆ ನನ್ನ ಕಡೆ ತಿರುಗಿದಳು. ‘ನಾನೂ ಅದೇ ಕೆಲಸ ರಿ. ಬ್ಯಾರೆ ಗೋದಾಮು. ಈಗ ಚಿಲಕ ಹಾಕಂಗಿಲ್ಲ. ಒಳಗ ಹೋಗೂಮುಂದ ಎಲ್ಲಾರ ಮೊಬೈಲ್ ಒಂದು ಬುಟ್ಟ್ಯಾಗ ಇಸ್ಕೊಂತಾರ. ಫೋಟೋ ತಗೀತೀರಿ, ಮಾತಾಡ್ಕೋತ ಕೂಡ್ತೀರಿ ಅಂತಾರ. ಹೋದ ತಿಂಗಳ ನನ್ನ ಬಾಜೂ ಕೂಡೂ ಹೆಣಮಗಳ ಗಂಡಗ ಗಾಡಿ ಬಡೀತು. ಮನ್ಯಾಗಿಂದ ಫೋನ್ ಮ್ಯಾಲ ಫೋನ್. ಬುಟ್ಟಿ ಒಳಗ ಹೊಡಕೋತನ ಇತ್ತು. ಕೇಳಿದ್ರ, ಎಲ್ಲಾರದೂ ಹೊಡಕೋತಾವ, ಯಾರದಂತ ನೋಡೂದು ಅಂದ್ರು. ಆಕಿಗೆ ಗೊತ್ತಾಗೂದ್ರಾಗ ಸಂಜಿ ಆಗಿತ್ತು.’

‘ಗಂಡ?’

‘ಅದಾನ. ಕಾಲು ಹೋತು. ದವಾಖಾನ್ಯಾಗ ಆಪರೇಶನ್ನಿಗೆ ಸಹಿ ಮಾಡಾಕ ಯಾರೂ ಇರಲಿಲ್ಲಂತ, ತಡಾ ಆತು.’

ಮುದುಕಿ ಅವರೆಕಾಯಿಯ ಬುಟ್ಟಿಯನ್ನು ಮಡಿಲಿನಿಂದ ಕೆಳಗಿಟ್ಟಳು. ನನಗೆ ಬೆರಳು ತೋರಿಸಿ ಮಾತಾಡಿದಳು.

‘ಹಂಗಾರ ನನ್ನ ಹೆಸರ ಬ್ಯಾಡ. ನನ್ನ ಹೆಸರ ಹಿಡಕೊಂಡು ಈಕಿ ತನಕ ಬರ್ತಾರ. ಮಾತ ಹಾಕ್ರಿ, ಹೆಸರ ಬ್ಯಾಡ. ಮತ್ತ ಈ ಸರ್ತಿ ಮಾತ ಬಿಡಬ್ಯಾಡ್ರಿ.’

‘ನಾ ಈಗ ರಿಟೈರ್ ಆಗೇನಿ ಅವ್ವ. ಪೇಪರಿನ ಕಾರ್ಡೂ ಇಲ್ಲ.’

‘ಕಾರ್ಡ್ ಇದ್ದಾಗ ಏನ ಮಾಡಿದ್ರಿ?’

ಮೊಮ್ಮಗಳು ನಗು ತಡೆದುಕೊಂಡು ಚಹಾ ಇಡಲು ಒಳಗೆ ಹೋದಳು.

ಮೇಡ್ಲೇರಿಯಿಂದ ತಿರುಗಿ ಬರುವಾಗ ಬಸ್ಸಿನಲ್ಲಿ ದೇಸಾಯರ ಮೊದಲ ಪ್ರಶ್ನೆ ನೆನಪಾಯಿತು. ಪತ್ರಿಕೆಗೆಂದು ಬೇರೆ ಕಲಮಿಲ್ಲ ಎಂದು ಅಂದು ಉತ್ತರ ಕೊಟ್ಟು ಕೆಲಸ ಗಿಟ್ಟಿಸಿದ್ದೆ. ಅಂಕಕ್ಕಾಗಿ ಕಲಿತ ಉತ್ತರ. ಅದರ ಅರ್ಥ ಏನೆಂದು ನಾನು ಕೂಡಿಸಿ ನೋಡಿಯೇ ಇರಲಿಲ್ಲ. ಆ ಹಕ್ಕು ಪತ್ರಿಕೆಯಿಂದ ನನಗೆ ಬಂದದ್ದಲ್ಲ. ಚಹಾದಂಗಡಿಯಲ್ಲಿ ಫಕ್ಕೀರವ್ವ ಬಾಯಿ ತೆರೆದಾಗ ಬಳಸಿದ್ದು ಅದೇ ಹಕ್ಕು. ಸಾವ್ಕಾರನೆದುರು ‘ಖರೇ ಐತೋ ಇಲ್ಲೋ’ ಎಂದಾಗಲೂ ಅದೇ. ನಾನು ಅವಳ ಹಕ್ಕನ್ನು ಹುಬ್ಬಳ್ಳಿ ಬಸ್ಸಿಗೆ ಹಾಕುವವನು ಮಾತ್ರ. ನಿವೃತ್ತಿಯ ದಿನ ಗುರುತಿನ ಚೀಟಿಯನ್ನು ಕಚೇರಿಗೆ ಹಿಂದಿರುಗಿಸಿದೆ. ನಾಗರಿಕನಾಗಿರುವುದನ್ನು ಹಿಂದಿರುಗಿಸಿಲ್ಲ.

ಮರುವಾರ ಬ್ಯಾಡಗಿಗೆ ಹೋದೆ. ಅದರ ಮರುವಾರವೂ ಹೋದೆ. ಬೆಳಗ್ಗೆ ಮೊಮ್ಮಗಳು ದುಡಿಯುವ ಗೋದಾಮಿನ ಎದುರು ರಸ್ತೆಯಲ್ಲಿ ನಿಂತು ಬುಟ್ಟಿಯನ್ನು ನೋಡಿದೆ. ಹಸಿರು ಪ್ಲಾಸ್ಟಿಕ್ ಬುಟ್ಟಿ, ಪೇಟೆಯಿಂದ ತರಕಾರಿ ತರುವಂಥದ್ದು. ಬೇರೆ ಗೋದಾಮುಗಳ ಹೆಂಗಸರನ್ನು ಕೇಳಿದೆ. ಕೆಲವು ಕಡೆ ಬುಟ್ಟಿ ಇಲ್ಲ, ಫೋನ್ ಸೊಂಟದಲ್ಲೇ ಇರುತ್ತದೆ, ಅದನ್ನೂ ಬರೆದುಕೊಂಡೆ. ಕಾಲು ಕಳೆದುಕೊಂಡವನ ಮನೆಗೆ ಹೋಗಿ ಬಂದೆ. ಬುಟ್ಟಿ ಇಡುವ ಮ್ಯಾನೇಜರರನ್ನೂ ಕೇಳಿದೆ. ‘ಕೆಲಸದ ಟೈಮಿನ್ಯಾಗ ಮೊಬೈಲ್ ಯಾಕ್ರಿ? ಅರ್ಜಂಟ್ ಇದ್ರ ಆಫೀಸಿಗೆ ಫೋನ್ ಮಾಡ್ಲಿ’ ಎಂದರು. ಆಫೀಸಿನ ನಂಬರು ಒಳಗಿನ ಎಷ್ಟು ಮಂದಿಯ ಮನೆಯಲ್ಲಿದೆ ಎಂದೆ. ‘ಅದನ್ನ ಅವರು ಕೇಳಬೇಕು’ ಎಂದರು. ಎರಡನ್ನೂ ಬರೆದೆ.

ವರದಿಯನ್ನು ಹಾವೇರಿಯಲ್ಲಿ ಈಗ ಕೆಲಸ ಮಾಡುತ್ತಿರುವ ಸಹನಾ ಎಂಬ ವರದಿಗಾರ್ತಿಗೆ ಒಯ್ದು ಕೊಟ್ಟೆ. ಮೂರು ವರ್ಷದ ಅನುಭವ, ಚುರುಕು. ಓದಿ ತಲೆಯೆತ್ತಿದಳು.

‘ಚಲೋ ಐತಿ ಸರ್. ಬುಟ್ಟಿ ವಿಷಯ ಯಾರ್ ಹೇಳಿದ್ರು? ಡೆಸ್ಕಿನ್ಯಾರು ಹೆಸರು, ನಂಬರ್ ವಾಟ್ಸಾಪ್ ಮಾಡು ಅಂತಾರ.’

‘ವಾಟ್ಸಾಪ್ ಬ್ಯಾಡ.’

‘ಹೆಸರಿಲ್ಲದ ಹೆಂಗ ನಂಬತಾರ ಸರ್? ನಾ ನಿಮ್ಮನ್ನ ನಂಬಿದೆ ಅಂದ್ರ ಡೆಸ್ಕ್ ನಂಬಬೇಕಂತ ಏನೈತಿ?’

ಅವಳು ಕೇಳಿದ್ದು ಸರಿ. ಯಾರು ಹೇಳಿದರು ಎಂಬ ಪ್ರಶ್ನೆ ಬೇಕೇ ಬೇಕು, ಇಲ್ಲವಾದರೆ ಐರಣಿಯ ಮಾಸ್ತರರು ದಿನವೂ ಸಾಯುತ್ತಾರೆ. ದೇಸಾಯರ ಪ್ರಶ್ನೆಯಲ್ಲಿ ತಪ್ಪಿರಲಿಲ್ಲ. ಉತ್ತರವನ್ನು ನಾನು ಇಟ್ಟ ಜಾಗ ತಪ್ಪಾಗಿತ್ತು. ಹಾಗಾಗಿ ಅವಳಿಗೆ ಹೇಳಿದೆ: ‘ನಿನ್ನ ಫೋನ್ ಮನ್ಯಾಗ ಇಟ್ಟು ನನ್ನ ಜೋಡಿ ಬಾ. ಹೇಳಿದಾಕಿ ಬಾಯಿಲೆ ನೀನ ಕೇಳು. ನಿಮ್ಮ ಸಂಪಾದಕರಿಗೆ ಅನುಮಾನ ಇದ್ರ ಅವರೂ ಬರ್ಲಿ. ಆಕಿ ಹೂಂ ಅಂದ್ರ ಕೂತು ಮಾತಾಡ್ಲಿ. ಹೆಸರು ಬರೀಬ್ಯಾಡ. ನೆನಪಿನಾಗ ಇಟ್ಕೋ.’

‘ನೆನಪಿನ ಮ್ಯಾಲ ನಿಮಗ ನಂಬಿಕಿನ ಇಲ್ಲಲ್ಲ ಸರ್?’

‘ನನ್ನ ನೆನಪಿನ ಮ್ಯಾಲ ಇಲ್ಲ. ನಿಂದು ಇನ್ನೂ ಹೊಸದೈತಿ.’

ಅವಳು ಬಂದಳು. ಅವಳ ಪತ್ರಿಕೆಯ ಹಿರಿಯರೊಬ್ಬರೂ ಬಂದರು, ಕೇಳಬೇಕಾದದ್ದನ್ನೆಲ್ಲ ಕೇಳಿದರು. ವರದಿ ಅಚ್ಚಾಯಿತು. ಆರನೆಯ ದಿನ ಪತ್ರಿಕೆಗೆ ವಕೀಲರ ನೋಟಿಸು ಬಂತು: ಈ ಮಾಹಿತಿ ಕೊಟ್ಟವರು ಯಾರೆಂದು ತಿಳಿಸತಕ್ಕದ್ದು. ಸಹನಾ ಫೋನ್ ಮಾಡಿ, ‘ಬಂತು ಸರ್’ ಎಂಬ ಒಂದೇ ಮಾತು ಹೇಳಿದಳು. ದನಿಯಲ್ಲಿ ನಡುಕ ಇತ್ತೋ ಇಲ್ಲವೋ, ನಾನು ಊಹಿಸಿ ಬರೆಯುವುದಿಲ್ಲ. ಅವರ ಪತ್ರಿಕೆ ಉತ್ತರ ಕೊಟ್ಟಿದೆ: ವರದಿಯ ಪ್ರತಿ ಮಾತಿಗೂ ನಾವು ಹೊಣೆ, ಹೇಳಿದವರ ಹೆಸರು ಕೊಡುವುದಿಲ್ಲ. ನಾನು ಓದಿದ ಮಟ್ಟಿಗೆ, ಹೆಸರು ಕಾಯಲೆಂದೇ ಮಾಡಿದ ಕಾನೂನು ನಮ್ಮಲ್ಲಿಲ್ಲ, ಮಾತಿನ ಸ್ವಾತಂತ್ರ್ಯಕ್ಕೆ ಮಿತಿಗಳೂ ಇವೆ. ಕೋರ್ಟಿನಲ್ಲಿ ಏನಾಗುವುದೋ ಗೊತ್ತಿಲ್ಲ. ನನ್ನನ್ನೂ ಕರೆದರೆ ಹೋಗುತ್ತೇನೆ. ಈ ಸಲ ಯಾವ ಹಾಳೆಯನ್ನೂ ತೆಗೆಸಿ ತೋರಿಸುವ ಹಟ ಮಾಡುವುದಿಲ್ಲ.

ಬುಟ್ಟಿ ಹತ್ತು ದಿನ ಕಾಣಿಸಲಿಲ್ಲ. ಹೋದ ಸೋಮವಾರ ನೋಡಿದರೆ ಮತ್ತೆ ಇಟ್ಟಿದ್ದರು. ಈ ಸೋಮವಾರವೂ ನಾನು ಅಲ್ಲಿಗೆ ಹೋಗುತ್ತೇನೆ. ಸಹನಾಳೂ ಬರುತ್ತಾಳೆ. ಕಾವಲಿನವನು ಈಗ ನನಗೆ ನಮಸ್ಕಾರ ಹಾಕುತ್ತಾನೆ. ‘ಬಂದ್ರೇನ್ರಿ ಅಜ್ಜಾರ, ಇವತ್ತೂ?’ ಎನ್ನುತ್ತಾನೆ. ಇವತ್ತೂ ಎನ್ನುತ್ತೇನೆ.

ಕೊನೆಗೆ ಒಂದು ಮಾತು. ಫಕ್ಕೀರವ್ವ ಎಂಬುದು ಅವಳ ಹೆಸರಲ್ಲ. ಅವಳಿರುವ ಊರು ನಾನು ಬರೆದ ಊರಲ್ಲ. ಮೊಮ್ಮಗಳೆಂದು ಹೇಳಿದವಳು ಅವಳಿಗೆ ಏನಾಗಬೇಕೆಂಬುದನ್ನೂ ಬದಲಿಸಿದ್ದೇನೆ, ಗಾಡಿ ಬಡಿದವನ ವಿವರವನ್ನೂ ಗುರುತು ಸಿಗದಂತೆ ಮಾಡಿದ್ದೇನೆ. ಅವಳು ಆಡಿದ ಮಾತನ್ನು ಮಾತ್ರ ಬದಲಿಸಿಲ್ಲ. ಈ ಬರಹವನ್ನು ಹಳೆಯ ರೂಢಿಯಂತೆ ಕೈಯಲ್ಲೇ ಬರೆದಿದ್ದೇನೆ. ಮೂಲ ಹಾಳೆಗಳು ನನ್ನ ಮನೆಯಲ್ಲಿವೆ. ತಿರುಚಿದ್ದೇನೆಂದು ಅನಿಸಿದವರು ಬಂದು ನೋಡಬಹುದು, ಎರಡೂ ಬದಿ.